ಸೀಳುತುಟಿ ಮತ್ತು ಅದರೊಡನೆ ಬರುವ ಮೂಗಿನ ನ್ಯೂನತೆಯ ಶಸ್ತ್ರಚಿಕಿತ್ಸೆ: ಪೋಷಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ

ಸೀಳುತುಟಿಯೊಡನೆ ಜನಿಸಿದ ಮಗುವಿನ ಪೋಷಕರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಶಸ್ತ್ರಚಿಕಿತ್ಸೆ ಯಾವಾಗ? ಈ ಪ್ರಶ್ನೆಗೆ ಒಂದು ದಿನಾಂಕವನ್ನು ಉತ್ತರವಾಗಿ ನೀಡಲು ಬರುವುದಿಲ್ಲ. ತುಟಿಯನ್ನು ಮಗುವಿನ ಮೂರನೆಯ ತಿಂಗಳ ನಂತರ ಸರಿಪಡಿಸಬಹುದು. ಅದರೊಡನೆ ಓರೆಯಾಗಿರುವ ಮೂಗಿನ ಕೆಲಸವು ಅದೇ ದಿನ ಆರಂಭವಾದರೂ ಪೂರ್ಣಗೊಳ್ಳುವುದು ಮಗುವಿಗೆ ಹದಿನಾರು, ಹದಿನೆಂಟು ವರ್ಷ ತುಂಬುವ ವೇಳೆಗೆ. ಈ ನಡುವಿನ ಅವಧಿಯಲ್ಲಿ ಏನೇನು ನಡೆಯಬೇಕು, ಯಾವುದು ಯಾವ ವಯಸ್ಸಿನಲ್ಲಿ ನಡೆಯಬೇಕು, ಅದಕ್ಕೆ ಸರ್ಕಾರದ ನೆರವು ಹೇಗೆ ದೊರೆಯುತ್ತದೆ ಎಂಬುದನ್ನು ಮೈಸೂರು ನಗರದ ಯಾದವಗಿರಿ ಮತ್ತು ಸುತ್ತಲಿನ ಬಡಾವಣೆಗಳ ನಾಗರಿಕರಿಗೂ, ಚಿಕಿತ್ಸೆಗಾಗಿ ಹೊರ ತಾಲ್ಲೂಕುಗಳಿಂದ ಮೈಸೂರಿಗೆ ಬರುವವರಿಗೂ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಸೀಳುತುಟಿ ಎಂದರೇನು

ಗರ್ಭದಲ್ಲಿ ಶಿಶುವಿನ ಮುಖವು ಬೇರೆ ಬೇರೆ ಭಾಗಗಳಾಗಿ ಬೆಳೆದು ನಂತರ ಕೂಡಿಕೊಳ್ಳುತ್ತದೆ. ಮೇಲ್ತುಟಿಯ ಭಾಗಗಳು ಕೂಡುವುದು ಗರ್ಭಧಾರಣೆಯ ಸುಮಾರು ನಾಲ್ಕರಿಂದ ಏಳನೆಯ ವಾರದೊಳಗೆ. ಅಂಗುಳವು ಅದರ ನಂತರದ ವಾರಗಳಲ್ಲಿ ಕೂಡುತ್ತದೆ. ಕೂಡುವಿಕೆ ಅಪೂರ್ಣವಾದಲ್ಲಿ ತುಟಿಯಲ್ಲಿ ಸೀಳು ಉಳಿಯುತ್ತದೆ. ಅದು ತುಟಿಯ ಅಂಚಿನ ಸಣ್ಣ ಕಚ್ಚಿನಷ್ಟೇ ಇರಬಹುದು, ಮೂಗಿನ ಹೊಳ್ಳೆಯವರೆಗೆ ಹೋಗಿರಬಹುದು, ಒಸಡು ಮತ್ತು ಅಂಗುಳಗಳನ್ನೂ ಸೀಳಿರಬಹುದು. ಒಂದು ಬದಿಯಲ್ಲಿ ಮಾತ್ರ ಇದ್ದರೆ ಅದು ಹೆಚ್ಚಾಗಿ ಎಡಬದಿಯಲ್ಲಿರುತ್ತದೆ. ಸುಮಾರು 700ರಿಂದ 1,000 ಜನನಗಳಿಗೆ ಒಂದರಂತೆ ಈ ನ್ಯೂನತೆ ಕಂಡುಬರುತ್ತದೆ. ಹುಟ್ಟಿನಿಂದ ಬರುವ ನ್ಯೂನತೆಗಳಲ್ಲಿ ಇದು ಅಪರೂಪದ್ದಲ್ಲ.

ಕಾರಣ ಒಂದೇ ಎಂದು ಹೇಳಲಾಗದು. ಅನುವಂಶಿಕತೆ, ಗರ್ಭಿಣಿಯ ಧೂಮಪಾನ ಮತ್ತು ಮದ್ಯಪಾನ, ನಿಯಂತ್ರಣದಲ್ಲಿಲ್ಲದ ಮಧುಮೇಹ, ಮೂರ್ಛೆರೋಗಕ್ಕೆ ನೀಡುವ ಕೆಲವು ಔಷಧಿಗಳು, ಪೋಷಕಾಂಶಗಳ ಕೊರತೆ ಮೊದಲಾದವು ಕೂಡಿ ಕೆಲಸ ಮಾಡುತ್ತವೆ. ಮೂರ್ಛೆರೋಗಕ್ಕೆ ಔಷಧಿ ಸೇವಿಸುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಗರ್ಭಧಾರಣೆಗೆ ಮುನ್ನವೇ ವೈದ್ಯರನ್ನು ಕಂಡು ಸಲಹೆ ಪಡೆಯತಕ್ಕದ್ದು. ಅನೇಕ ಮಕ್ಕಳಲ್ಲಿ ಯಾವ ಕಾರಣವೂ ಸ್ಪಷ್ಟವಾಗಿ ಸಿಗುವುದಿಲ್ಲ.

ಗ್ರಹಣದ ಸಮಯದಲ್ಲಿ ಗರ್ಭಿಣಿ ಹೊರಗೆ ಬಂದದ್ದರಿಂದ, ಇಲ್ಲವೇ ಆಗ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದ್ದರಿಂದ ಮಗುವಿನ ತುಟಿ ಸೀಳಿತು ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಇದೆ. ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಈ ನಂಬಿಕೆಯ ಭಾರವೆಲ್ಲ ತಾಯಿಯ ಮೇಲೆ ಬೀಳುತ್ತದೆ. ಬಾಣಂತಿ ಮಗುವನ್ನು ಹೊರಗೆ ತೋರಿಸಲು ಹಿಂಜರಿಯುತ್ತಾಳೆ, ಮನೆಗೆ ಬಂದ ಆಶಾ ಕಾರ್ಯಕರ್ತೆಯ ಮುಂದೆಯೂ ಸೆರಗು ಮುಚ್ಚುತ್ತಾಳೆ, ಚಿಕಿತ್ಸೆಯ ಮೊದಲ ತಿಂಗಳುಗಳು ಹಾಗೆಯೇ ಕಳೆದುಹೋಗುತ್ತವೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಕಾಸರಗೋಡು ಮತ್ತು ಕೊಡಗಿನ ಕೆಲವೆಡೆ ಕಂಕಣವಾಗಿಯೂ ಮೈಸೂರಿನಲ್ಲಿ ಪಾರ್ಶ್ವವಾಗಿಯೂ ಕಂಡಿತು. ಸೀಳುತುಟಿಯ ಮಕ್ಕಳು ಗ್ರಹಣವಿದ್ದ ವರ್ಷವೂ ಇಲ್ಲದ ವರ್ಷವೂ ಜನಿಸುತ್ತಲೇ ಇರುತ್ತಾರೆ. ತುಟಿ ಕೂಡುವ ವಾರಗಳಲ್ಲಿ ಅನೇಕ ಮಹಿಳೆಯರಿಗೆ ತಾವು ಗರ್ಭಿಣಿಯೆಂಬುದು ತಿಳಿದಿರುವುದೂ ಇಲ್ಲ. ತಾಯಿಯನ್ನು ದೂಷಿಸಲು ಯಾವ ಆಧಾರವೂ ಇರುವುದಿಲ್ಲ.

ಮೂಗು ಏಕೆ ಓರೆಯಾಗುತ್ತದೆ

ಮಗುವಿನ ಮುಖವನ್ನು ನೋಡಿದವರ ಕಣ್ಣಿಗೆ ಮೊದಲು ಬೀಳುವುದು ತುಟಿಯ ಸೀಳು. ವರ್ಷಗಳ ನಂತರ ನೋಡಿದವರ ಕಣ್ಣಿಗೆ ಬೀಳುವುದು ಮೂಗು. ತುಟಿಯ ಗಾಯದ ಗೆರೆ ಕಾಲಕ್ರಮದಲ್ಲಿ ಮಾಸುತ್ತದೆ. ಮೂಗಿನ ಓರೆ ಹಾಗೆ ತಾನಾಗಿ ಮಾಸುವುದಿಲ್ಲ. ಆದ್ದರಿಂದ ಮೂಗಿನ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಸೂಕ್ತ.

ಮೇಲ್ತುಟಿಯೊಳಗೆ ಬಾಯಿಯನ್ನು ಸುತ್ತುವರಿದ ಒಂದು ಸ್ನಾಯುವಿದೆ. ಸೀಟಿ ಹೊಡೆಯುವಾಗ, ಊದುವಾಗ ತುಟಿಯನ್ನು ಒಟ್ಟುಗೂಡಿಸುವುದು ಇದೇ ಸ್ನಾಯು. ತುಟಿ ಸೀಳಿದಾಗ ಈ ಸ್ನಾಯು ತುಂಡಾಗಿ ಉಳಿಯುತ್ತದೆ. ಅದರ ಒಂದು ತುದಿ ಎರಡು ಹೊಳ್ಳೆಗಳ ನಡುವಿನ ಚಿಕ್ಕ ಕಂಬದ ಬುಡಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ಸೀಳಿನ ಬದಿಯ ಹೊಳ್ಳೆಯ ಹೊರಬುಡಕ್ಕೆ ಅಂಟಿಕೊಳ್ಳುತ್ತದೆ. ಮಗು ಅತ್ತಾಗ, ಹಾಲು ಹೀರಲು ಯತ್ನಿಸಿದಾಗ ಎರಡೂ ತುದಿಗಳು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಪರಿಣಾಮವಾಗಿ ನಡುಗಂಬ ಸೀಳಿಲ್ಲದ ಬದಿಗೆ ವಾಲುತ್ತದೆ, ಮೂಗಿನ ನಡುಗೋಡೆಯ ಮುಂತುದಿಯೂ ಅತ್ತಲೇ ಸರಿಯುತ್ತದೆ, ಸೀಳಿನ ಬದಿಯ ಹೊಳ್ಳೆ ಹೊರಕ್ಕೂ ಹಿಂದಕ್ಕೂ ಎಳೆಯಲ್ಪಟ್ಟು ಚಪ್ಪಟೆಯಾಗುತ್ತದೆ. ಹೊಳ್ಳೆಗೆ ಆಕಾರ ಕೊಡುವ ಮೃದ್ವಸ್ಥಿಯು ಕಮಾನಿನಂತೆ ನಿಲ್ಲಬೇಕಾದದ್ದು ಜೋತುಬೀಳುತ್ತದೆ. ಒಸಡಿನ ಮೂಳೆಯಲ್ಲಿಯೂ ಸೀಳಿದ್ದರೆ ಹೊಳ್ಳೆಯ ಬುಡಕ್ಕೆ ಕೆಳಗಿನಿಂದ ಆಧಾರವೇ ಇರುವುದಿಲ್ಲ. ಗೋಡೆ ಕುಸಿದ ಕಡೆ ಚಾವಣಿ ತಗ್ಗುವಂತೆ ಮೂಗು ಆ ಬದಿಗೆ ತಗ್ಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಮಗುವಿನ ಮೂಗಿನಲ್ಲಿ ಬೇಕಾದ ಭಾಗಗಳು ಬಹುಮಟ್ಟಿಗೆ ಇವೆ, ಆದರೆ ಅವು ಸ್ಥಾನ ತಪ್ಪಿವೆ. ಮೂಗಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಮೈಸೂರಿನ ಹೆಸರೂ ಬರುತ್ತದೆ, ಬೇರೊಂದು ಕಾರಣಕ್ಕೆ. ಟಿಪ್ಪು ಸುಲ್ತಾನ್ ಮತ್ತು ಇಂಗ್ಲಿಷರ ನಡುವೆ 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯಾಳು ಕಾವಸ್‌ಜಿ ಎಂಬಾತ ಸೆರೆಸಿಕ್ಕು ಮೂಗು ಮತ್ತು ಒಂದು ಕೈಯನ್ನು ಕಳೆದುಕೊಂಡನು. ಅನಂತರ ಪುಣೆಯ ಕಡೆಯ ದೇಶೀಯ ಚಿಕಿತ್ಸಕನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಆತನಿಗೆ ಹೊಸ ಮೂಗನ್ನು ಕಟ್ಟಿದನು. ಈ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮವನ್ನು ಅನುಸರಿಸಿದರು. ಕಾವಸ್‌ಜಿಯದು ಇಲ್ಲದ ಮೂಗನ್ನು ಕಟ್ಟುವ ಕೆಲಸ. ಸೀಳುತುಟಿಯ ಮಗುವಿನದು ಇರುವ ಮೂಗನ್ನು ಅದರ ಜಾಗಕ್ಕೆ ತರುವ ಕೆಲಸ. ಎರಡನೆಯದು ಸುಲಭವೆಂದು ತೋರಬಹುದು. ಆದರೆ ಮಗುವಿನ ಮೂಗು ಬೆಳೆಯುತ್ತಿರುತ್ತದೆ, ಮತ್ತು ಬೆಳೆಯುವಾಗ ಹಳೆಯ ಓರೆಯ ಕಡೆಗೆ ಸ್ವಲ್ಪಮಟ್ಟಿಗೆ ಮರಳುವ ಪ್ರವೃತ್ತಿ ಅದಕ್ಕಿರುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ: ತೂಕ ಮತ್ತು ರಕ್ತ

ತುಟಿಯ ಶಸ್ತ್ರಚಿಕಿತ್ಸೆಗೆ ಮಗು ಸಿದ್ಧವಾಗಿದೆಯೇ ಎಂದು ನಿರ್ಧರಿಸಲು ವೈದ್ಯರಲ್ಲಿ ಹತ್ತರ ಲೆಕ್ಕವೊಂದು ರೂಢಿಯಲ್ಲಿದೆ. ವಯಸ್ಸು ಕನಿಷ್ಠ 10 ವಾರ, ತೂಕ ಕನಿಷ್ಠ 10 ಪೌಂಡು ಅಂದರೆ ಸುಮಾರು 4.5 ಕಿಲೋಗ್ರಾಂ, ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 10 ಗ್ರಾಂ. ಅರಿವಳಿಕೆಯನ್ನು ಮಗು ತಾಳಿಕೊಳ್ಳಬೇಕು ಮತ್ತು ಗಾಯ ಮಾಯಬೇಕು ಎಂಬುದೇ ಇದರ ಹಿಂದಿನ ಉದ್ದೇಶ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಡುವೆ ಈ ಶಸ್ತ್ರಚಿಕಿತ್ಸೆಯನ್ನು ಕೈಗೊಳ್ಳಲಾಗುತ್ತದೆ.

ದಿನಾಂಕ ಪಡೆದು ಬಂದ ಮಗುವನ್ನು ವೈದ್ಯರು ವಾಪಸ್ಸು ಕಳುಹಿಸುವುದು ಬಹುಪಾಲು ಇವೇ ಕಾರಣಗಳಿಗೆ: ತೂಕ ಸಾಲದು, ರಕ್ತ ಸಾಲದು, ಇಲ್ಲವೇ ಶೀತ ಜ್ವರವಿದೆ. ಇದನ್ನು ಆಸ್ಪತ್ರೆಯ ತಾತ್ಸಾರವೆಂದು ಭಾವಿಸಿ ಮನೆಗೆ ಹೋದವರು ಮತ್ತೆ ಬಾರದಿರುವುದೂ ಉಂಟು. ಹಾಗಾಗಬಾರದು. ತೂಕ ಹೆಚ್ಚಿಸುವ ಕೆಲಸ ಜನನದ ಮೊದಲ ದಿನದಿಂದಲೇ ಆರಂಭವಾಗಬೇಕು.

ತುಟಿ ಮಾತ್ರ ಸೀಳಿರುವ ಮಗು ಬಹುತೇಕ ತಾಯಿಯ ಎದೆಹಾಲನ್ನು ಕುಡಿಯಬಲ್ಲದು. ಸೀಳಿನ ಜಾಗವನ್ನು ಮೊಲೆಯಿಂದಲೇ ಅಥವಾ ಹೆಬ್ಬೆರಳಿನಿಂದ ಮುಚ್ಚಿ ಹಿಡಿದರೆ ಸಾಕಾಗುತ್ತದೆ. ಅಂಗುಳವೂ ಸೀಳಿದ್ದರೆ ಮಗುವಿಗೆ ಹೀರಲು ಬರುವುದಿಲ್ಲ. ಆಗ ತಾಯಿಯ ಹಾಲನ್ನು ಶುದ್ಧವಾದ ಪಾತ್ರೆಗೆ ಹಿಂಡಿ ಒಳಲೆಯಿಂದ ಅಥವಾ ಚಮಚದಿಂದ ಕುಡಿಸಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಇದ್ದ ಬೆಳ್ಳಿಯ ಅಥವಾ ಹಿತ್ತಾಳೆಯ ಒಳಲೆಯು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಅದೇ ಮಾದರಿಯ ಸಾಧನವನ್ನು ಇಂದು ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿಯೂ ಬಳಸುತ್ತಾರೆ. ಪ್ರತಿ ಬಾರಿಯೂ ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಬಳಸತಕ್ಕದ್ದು. ಮಗುವನ್ನು ಮಲಗಿಸಿ ಹಾಲು ಹಾಕಬಾರದು. ತಲೆ ಮತ್ತು ಬೆನ್ನನ್ನು ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ನಡುನಡುವೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು. ಹಾಲು ಮೂಗಿನಿಂದ ಸ್ವಲ್ಪ ಹೊರಬಂದರೆ ಗಾಬರಿಪಡಬೇಕಾಗಿಲ್ಲ. ಮಗು ನೀಲಿಗಟ್ಟಿದರೆ, ಕೆಮ್ಮು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗುವಿನ ತೂಕವನ್ನು ಅಂಗನವಾಡಿಯಲ್ಲಾಗಲಿ ಆರೋಗ್ಯ ಕೇಂದ್ರದಲ್ಲಾಗಲಿ ನಿಯತವಾಗಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಲಸಿಕೆಗಳನ್ನು ಸೀಳುತುಟಿಯ ಕಾರಣಕ್ಕಾಗಿ ಮುಂದೂಡುವ ಅಗತ್ಯವಿಲ್ಲ.

ಸೀಳು ಅಗಲವಾಗಿದ್ದಲ್ಲಿ, ಮೊದಲ ವಾರಗಳಿಂದಲೇ ದಂತವೈದ್ಯರು ಮಗುವಿನ ಬಾಯಿಯ ಅಚ್ಚು ತೆಗೆದು ಒಂದು ಚಿಕ್ಕ ತಟ್ಟೆಯನ್ನು ತಯಾರಿಸಿ ಅಳವಡಿಸುವುದುಂಟು. ಅದರಿಂದ ಮೇಲಕ್ಕೆ ಚಾಚಿದ ಚಿಕ್ಕ ಕೊಂಡಿಯು ಜೋತುಬಿದ್ದ ಹೊಳ್ಳೆಯನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ. 1993ರಲ್ಲಿ ಅಮೆರಿಕದ ಗ್ರೇಸನ್ ಮತ್ತು ಸಂಗಡಿಗರು ವಿವರಿಸಿದ ಈ ಕ್ರಮವು ನವಜಾತ ಶಿಶುವಿನ ಮೃದ್ವಸ್ಥಿ ಮೊದಲ ಕೆಲವು ವಾರಗಳಲ್ಲಿ ಬಹಳ ಮೆತ್ತಗಿರುತ್ತದೆ ಎಂಬುದನ್ನು ಬಳಸಿಕೊಳ್ಳುತ್ತದೆ. ಆದರೆ ತಟ್ಟೆಯನ್ನು ಹೊಂದಿಸಲು ವಾರವಾರವೂ ವೈದ್ಯರ ಬಳಿ ಬರಬೇಕಾಗುತ್ತದೆ. ಯಾದವಗಿರಿಯಲ್ಲಿರುವವರಿಗೆ ಇದು ಸಾಧ್ಯವಾದೀತು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಲ್ಲಿರುವವರಿಗೆ ಬಾಣಂತಿಯೊಡನೆ ವಾರಕ್ಕೊಮ್ಮೆ ಪ್ರಯಾಣ ಮಾಡುವುದು ಸುಲಭವಲ್ಲ. ಅಂಥವರು ವೈದ್ಯರಿಗೆ ತಮ್ಮ ಊರಿನ ದೂರವನ್ನು ಮೊದಲೇ ತಿಳಿಸಬೇಕು. ತುಟಿಗೆ ಅಂಟುಪಟ್ಟಿ ಹಾಕುವಂತಹ ಸರಳ ಕ್ರಮಗಳೂ ಇವೆ.

ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದೇನು

ಸೀಳಿದ ತುಟಿಯ ಅಂಚುಗಳನ್ನು ಬಟ್ಟೆಯಂತೆ ಎಳೆದು ಹೊಲಿದುಬಿಡುವುದೆಂದು ಅನೇಕರು ಭಾವಿಸಿದ್ದಾರೆ. ಹಾಗೆ ನೇರವಾಗಿ ಹೊಲಿದರೆ ಗಾಯ ಮಾಯುವಾಗ ಗೆರೆ ಕುಗ್ಗಿ ತುಟಿ ಮೇಲಕ್ಕೆ ಎಳೆದಂತಾಗುತ್ತದೆ. ಸೀಳಿನ ಬದಿಯಲ್ಲಿ ತುಟಿಯ ಎತ್ತರವೇ ಕಡಿಮೆಯಿರುವುದು ಇದಕ್ಕೆ ಕಾರಣ. ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲಾರ್ಡ್ ಅವರು 1955ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನದಲ್ಲಿ ಮಂಡಿಸಿದ ಕ್ರಮವು ಈ ತೊಡಕಿಗೆ ಒಂದು ಪರಿಹಾರವನ್ನು ನೀಡಿತು. ಮೂಗಿನ ಕೆಳಗೆ ಬಾಗಿದ ಛೇದನವೊಂದನ್ನು ಮಾಡಿ, ಮೇಲಕ್ಕೆ ಎಳೆಯಲ್ಪಟ್ಟ ಒಳಭಾಗವನ್ನು ಕೆಳಕ್ಕೆ ತಿರುಗಿಸಲಾಗುತ್ತದೆ. ಅಲ್ಲಿ ಉಂಟಾದ ಖಾಲಿ ಜಾಗಕ್ಕೆ ಹೊರಭಾಗವನ್ನು ಮುಂದೆ ತಂದು ಕೂರಿಸಲಾಗುತ್ತದೆ. ಹೊಲಿಗೆಯ ಗೆರೆ ಮೂಗಿನಿಂದ ತುಟಿಗೆ ಇಳಿಯುವ ಸಹಜ ಏಣಿನ ಜಾಗದಲ್ಲಿಯೇ ಬರುವುದರಿಂದ ಅದು ಎದ್ದು ಕಾಣುವುದಿಲ್ಲ. ಈ ಕ್ರಮವೂ ಇದರ ಹಲವು ಪರಿಷ್ಕೃತ ರೂಪಗಳೂ ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ.

ಚರ್ಮಕ್ಕಿಂತ ಮುಖ್ಯವಾದದ್ದು ಒಳಗಿನ ಸ್ನಾಯು. ತಪ್ಪು ಜಾಗಕ್ಕೆ ಅಂಟಿದ ಅದರ ಎರಡೂ ತುದಿಗಳನ್ನು ಬಿಡಿಸಿ ಪರಸ್ಪರ ಕೂಡಿಸಬೇಕು. ಇದನ್ನು ಮಾಡಿದ ಕೂಡಲೇ ಮೂಗಿನ ಮೇಲಿದ್ದ ಎಳೆತ ನಿಲ್ಲುತ್ತದೆ.

ಮೂಗಿನ ಮೃದ್ವಸ್ಥಿಯನ್ನು ಇದೇ ಸಂದರ್ಭದಲ್ಲಿ ಮುಟ್ಟಬೇಕೇ ಬೇಡವೇ ಎಂಬುದರ ಬಗ್ಗೆ ವೈದ್ಯರಲ್ಲಿ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಎಳೆಯ ಮೂಗನ್ನು ಬಿಡಿಸಿದರೆ ಅದರ ಬೆಳವಣಿಗೆ ಕುಂಠಿತವಾದೀತು ಎಂಬ ಭಯವೇ ಇದಕ್ಕೆ ಕಾರಣ. ಆಸ್ಟ್ರೇಲಿಯಾದ ಪರ್ತ್ ನಗರದ ಹೆರಾಲ್ಡ್ ಮೆಕೋಂಬ್ ಅವರು ತುಟಿಯೊಡನೆಯೇ ಮೂಗನ್ನೂ ಸರಿಪಡಿಸಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಅನುಸರಿಸಿ ತಮ್ಮ ಅಧ್ಯಯನದ ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿದರು. ಬೆಳವಣಿಗೆಗೆ ಧಕ್ಕೆಯಾಗಿರಲಿಲ್ಲ. ಇಂದು ಅನೇಕ ಕೇಂದ್ರಗಳಲ್ಲಿ ತುಟಿಯ ಶಸ್ತ್ರಚಿಕಿತ್ಸೆಯ ದಿನವೇ ಹೊಳ್ಳೆಯ ಬುಡವನ್ನು ಬಿಡಿಸಿ ಒಳಕ್ಕೆ ತರುವುದು, ಜೋತುಬಿದ್ದ ಮೃದ್ವಸ್ಥಿಯನ್ನು ಎತ್ತಿ ಹೊಲಿಗೆಯಿಂದ ನಿಲ್ಲಿಸುವುದು ರೂಢಿಯಾಗಿದೆ. ಕೆಲವು ಮಕ್ಕಳಿಗೆ ಹೊಳ್ಳೆಯ ಆಕಾರ ಉಳಿಯಲು ಸಿಲಿಕೋನಿನ ಚಿಕ್ಕ ನಳಿಕೆಯನ್ನು ಕೆಲವು ತಿಂಗಳು ಇಡಲಾಗುತ್ತದೆ. ಅದು ಬಿದ್ದುಹೋದರೆ ಮನೆಯಲ್ಲಿ ಎತ್ತಿಡದೆ ವೈದ್ಯರಿಗೆ ತೋರಿಸಿ ಮತ್ತೆ ಹಾಕಿಸತಕ್ಕದ್ದು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಬಗ್ಗೆ ಒಂದು ಮಾತು. ಅರಿವಳಿಕೆಗೆ ಮುನ್ನ ಎದೆಹಾಲು ಕೊಟ್ಟು ನಾಲ್ಕು ಗಂಟೆ, ಹಸುವಿನ ಹಾಲು ಅಥವಾ ಪುಡಿಹಾಲು ಕೊಟ್ಟು ಆರು ಗಂಟೆ ಕಳೆದಿರಬೇಕು. ಮಗು ಅಳುವುದನ್ನು ನೋಡಲಾರದೆ ಅಜ್ಜಿ ಒಂದು ಚಮಚ ಹಾಲು ಕುಡಿಸಿಬಿಡುವುದುಂಟು. ಹಾಗೆ ಆಗಿದ್ದರೆ ಮುಚ್ಚಿಡದೆ ದಾದಿಯರಿಗೆ ತಿಳಿಸಬೇಕು. ಶಸ್ತ್ರಚಿಕಿತ್ಸೆ ಕೆಲವು ಗಂಟೆ ಅಥವಾ ಒಂದು ದಿನ ಮುಂದಕ್ಕೆ ಹೋಗಬಹುದು, ಅಷ್ಟೇ. ಮುಚ್ಚಿಟ್ಟಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಅಪಾಯವಾಗಬಹುದು.

ಶಸ್ತ್ರಚಿಕಿತ್ಸೆಯ ನಂತರ ಮಗು ಗಾಯವನ್ನು ಕೆರೆಯದಂತೆ ಮೊಣಕೈಗೆ ಪಟ್ಟಿ ಕಟ್ಟುವುದುಂಟು. ಕರಗದ ಹೊಲಿಗೆಗಳಿದ್ದರೆ ಅವನ್ನು ಸುಮಾರು ಐದರಿಂದ ಏಳು ದಿನಗಳೊಳಗೆ ತೆಗೆಯಲಾಗುತ್ತದೆ. ಮೊದಲ ಎರಡು ಮೂರು ತಿಂಗಳು ಗೆರೆ ಕೆಂಪಾಗಿ, ಗಟ್ಟಿಯಾಗಿ, ತುಟಿ ಸ್ವಲ್ಪ ಮೇಲಕ್ಕೆ ಎಳೆದಂತೆ ಕಾಣುತ್ತದೆ. ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಬೇರೆ ಆಸ್ಪತ್ರೆಗಳಿಗೆ ಅಲೆಯುವ ಅಗತ್ಯವಿಲ್ಲ. ವೈದ್ಯರು ಹೇಳಿಕೊಟ್ಟಂತೆ ತಿಕ್ಕುತ್ತಾ ಬಂದಲ್ಲಿ ಒಂದು ವರ್ಷದೊಳಗೆ ಅದು ಮೆತ್ತಗಾಗುತ್ತದೆ.

ತುಟಿ ಕೂಡಿದ ಮೇಲೆ ಉಳಿಯುವ ಕೆಲಸ

ತುಟಿ ಕೂಡಿ ಮಗುವಿನ ಮುಖ ಸರಿಯಾದಂತೆ ಕಂಡ ಕೂಡಲೇ ಅನೇಕ ಕುಟುಂಬಗಳು ಚಿಕಿತ್ಸೆ ಮುಗಿಯಿತೆಂದು ತಿಳಿಯುತ್ತವೆ. ಅಂಗುಳದ ಸೀಳು ಬಾಯೊಳಗಿರುವುದರಿಂದ ಹೊರಗಿನವರಿಗೆ ಕಾಣುವುದಿಲ್ಲ, ನಾಮಕರಣಕ್ಕೆ ಬಂದ ನೆಂಟರು ಅದರ ಬಗ್ಗೆ ಕೇಳುವುದೂ ಇಲ್ಲ. ಅದು ತಿಳಿಯುವುದು ಮಗು ಮಾತನಾಡಲು ತೊಡಗಿದಾಗ. ಕನ್ನಡದ ವರ್ಣಮಾಲೆಯಿಂದಲೇ ಇದನ್ನು ಅರ್ಥಮಾಡಿಕೊಳ್ಳಬಹುದು. ಪ, ಬ ಎನ್ನುವಾಗ ಉಸಿರು ಬಾಯಿಯಲ್ಲಿ ತಡೆದು ಹೊರಡುತ್ತದೆ. ಅದೇ ವರ್ಗದ ಕೊನೆಯ ಮ ಎನ್ನುವಾಗ ಮಾತ್ರ ಮೂಗಿನಿಂದ ಹೊರಡುತ್ತದೆ. ಅಂಗುಳ ಮುಚ್ಚಿರದ ಮಗುವಿಗೆ ಉಸಿರನ್ನು ಬಾಯಿಯಲ್ಲಿ ತಡೆಯಲಾಗುವುದಿಲ್ಲ. ಬ ಎನ್ನಹೊರಟರೆ ಮ ಆಗುತ್ತದೆ, ದ ಎನ್ನಹೊರಟರೆ ನ ಆಗುತ್ತದೆ. ಶಾಲೆಯಲ್ಲಿ ಅದನ್ನು ದಡ್ಡತನವೆಂದು ತಪ್ಪು ತಿಳಿಯುತ್ತಾರೆ. ಮಗುವಿನ ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ, ಮಾತು ಬಲಿಯುವ ಮುನ್ನ ಮಾಡಿಸತಕ್ಕದ್ದು. ಈ ಮಕ್ಕಳಲ್ಲಿ ಕಿವಿಯ ಪರದೆಯ ಹಿಂದೆ ದ್ರವ ನಿಲ್ಲುವ ತೊಂದರೆ ಸಾಮಾನ್ಯವಾದ್ದರಿಂದ ಶ್ರವಣ ಪರೀಕ್ಷೆಯೂ ಅಗತ್ಯ. ಈ ವಿಷಯದಲ್ಲಿ ಮೈಸೂರಿನ ನಾಗರಿಕರು ಅದೃಷ್ಟವಂತರು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿದೆ; ಬಾಯಿ ಮತ್ತು ಮುಖದ ರಚನೆಯ ನ್ಯೂನತೆಗಳಿಗಾಗಿಯೇ ಅಲ್ಲಿ ಪ್ರತ್ಯೇಕ ಘಟಕವಿದೆ. ಚಾಮರಾಜನಗರ, ನಂಜನಗೂಡು, ಕೃಷ್ಣರಾಜನಗರ, ಮಂಡ್ಯದ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಮೈಸೂರು ನಿಲ್ದಾಣದ ಒಂದು ಬದಿಗೆ ಪೇಟೆಯ ಕಡೆ ಕೃಷ್ಣರಾಜೇಂದ್ರ ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆ, ಇನ್ನೊಂದು ಬದಿಗೆ ಯಾದವಗಿರಿ, ಅದನ್ನು ದಾಟಿ ಮುಂದೆ ಮಾನಸಗಂಗೋತ್ರಿ. ಒಂದೇ ದಿನದ ಪ್ರಯಾಣದಲ್ಲಿ ಎರಡೂ ಕಡೆಯ ಭೇಟಿಗಳನ್ನು ಹೊಂದಿಸಿಕೊಳ್ಳಲು ದಿನಾಂಕಗಳನ್ನು ಮೊದಲೇ ಕೇಳಿ ಪಡೆಯುವುದು ಒಳಿತು.

ಒಸಡಿನ ಮೂಳೆಯಲ್ಲಿ ಸೀಳಿದ್ದರೆ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಬರುವ ಮುನ್ನ, ಸೊಂಟದ ಮೂಳೆಯಿಂದ ಸ್ವಲ್ಪ ಭಾಗವನ್ನು ತೆಗೆದು ಅಲ್ಲಿಗೆ ತುಂಬಲಾಗುತ್ತದೆ. ಇದನ್ನು ಹಲ್ಲಿನ ಚಿಕಿತ್ಸೆಯೆಂದು ಅಲಕ್ಷಿಸುವವರಿದ್ದಾರೆ. ಮೂಗಿನ ಹೊಳ್ಳೆಯ ಬುಡಕ್ಕೆ ಕೆಳಗಿನಿಂದ ಆಧಾರ ದೊರೆಯುವುದು ಈ ಹಂತದಲ್ಲಿಯೇ. ಇದನ್ನು ಬಿಟ್ಟು ನೇರವಾಗಿ ಮೂಗನ್ನು ಸರಿಪಡಿಸಹೊರಟರೆ ಅಡಿಪಾಯವಿಲ್ಲದ ಜಾಗದಲ್ಲಿ ಕಟ್ಟಿದಂತಾಗುತ್ತದೆ.

ಮೂಗಿನ ಅಂತಿಮ ಶಸ್ತ್ರಚಿಕಿತ್ಸೆ ಮುಖದ ಬೆಳವಣಿಗೆ ನಿಂತ ನಂತರ. ಹೆಣ್ಣುಮಕ್ಕಳಲ್ಲಿ ಸುಮಾರು 15, 16 ವರ್ಷಕ್ಕೆ, ಗಂಡುಮಕ್ಕಳಲ್ಲಿ ಸುಮಾರು 17, 18 ವರ್ಷಕ್ಕೆ. ಓರೆಯಾದ ನಡುಗೋಡೆಯನ್ನು ನೇರಗೊಳಿಸಿ, ಅದರಿಂದಲೋ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆದ ಮೃದ್ವಸ್ಥಿಯಿಂದ ಮೂಗಿನ ತುದಿಗೆ ಆಸರೆ ನೀಡಲಾಗುತ್ತದೆ. ಇದು ಅಂದಕ್ಕಾಗಿ ಮಾತ್ರ ಮಾಡುವುದಲ್ಲ. ಓರೆಯಾದ ನಡುಗೋಡೆಯಿಂದ ಒಂದು ಹೊಳ್ಳೆಯಲ್ಲಿ ಉಸಿರಾಟವೇ ಕಟ್ಟಿರುವ ಮಕ್ಕಳು ಬಹಳ.

ಸರ್ಕಾರದ ನೆರವು ಪಡೆಯುವ ಬಗೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜನನದಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಸೀಳುತುಟಿ ಮತ್ತು ಸೀಳಂಗುಳವು ಅದರಲ್ಲಿ ನಮೂದಾಗಿರುವ ಜನ್ಮಜಾತ ನ್ಯೂನತೆಗಳಲ್ಲೊಂದು. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಗುರುತಿಸಬೇಕಾದದ್ದು ಮೊದಲ ಹಂತ. ಅಲ್ಲಿ ತಪ್ಪಿದಲ್ಲಿ ಆಶಾ ಕಾರ್ಯಕರ್ತೆಯು 42 ದಿನಗಳೊಳಗೆ ಮಾಡುವ ಮನೆಭೇಟಿಗಳಲ್ಲಿ, ಅದೂ ತಪ್ಪಿದಲ್ಲಿ ಸಂಚಾರಿ ಆರೋಗ್ಯ ತಂಡವು ಅಂಗನವಾಡಿಗೆ ಅಥವಾ ಸರ್ಕಾರಿ ಶಾಲೆಗೆ ಬಂದಾಗ ಹೆಸರು ನೋಂದಾಯಿಸಬಹುದು. ನಗರವಾಸಿಗಳು ತಮ್ಮ ವ್ಯಾಪ್ತಿಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೇರವಾಗಿ ಸಂಪರ್ಕಿಸಬಹುದಾಗಿದೆ. ತಂಡ ಬರಲೆಂದು ಕಾಯುತ್ತಾ ಕುಳಿತುಕೊಳ್ಳುವ ಅವಶ್ಯಕತೆಯಿಲ್ಲ.

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸೇರಿತು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಇತರ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ ಭರಿಸುವುದು ಇದರ ರೀತಿ. ತುರ್ತಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಸೀಳುತುಟಿ ತುರ್ತು ಚಿಕಿತ್ಸೆಯಲ್ಲ. ಪತ್ರವಿಲ್ಲದೆ ಯಾದವಗಿರಿಯ ಅಥವಾ ಇನ್ನಾವುದೇ ಬಡಾವಣೆಯ ಖಾಸಗಿ ಆಸ್ಪತ್ರೆಗೆ ದಾಖಲಾಗಿ ನಂತರ ಹಣ ಮರುಪಾವತಿಗೆ ಅರ್ಜಿ ಸಲ್ಲಿಸಬಹುದೆಂದು ನಂಬಿ ಸಾಲ ಮಾಡಬಾರದು. ಇವಲ್ಲದೆ ಸ್ಮೈಲ್ ಟ್ರೇನ್‌ನಂತಹ ಸೇವಾಸಂಸ್ಥೆಗಳು 2000ದಿಂದೀಚೆಗೆ ಭಾರತದಲ್ಲಿ ಸಹಭಾಗಿ ಆಸ್ಪತ್ರೆಗಳ ಮೂಲಕ ಉಚಿತ ಶಸ್ತ್ರಚಿಕಿತ್ಸೆ ಮಾಡಿಸುತ್ತಿವೆ.

ದಾಖಲೆಗಳ ಪೈಕಿ ತೊಡಕಾಗುವುದು ಮಗುವಿನವೇ. ಪೋಷಕರ ಆಧಾರ್ ಮತ್ತು ಪಡಿತರ ಚೀಟಿ ಇರುತ್ತವೆ. ಮೂರು ತಿಂಗಳ ಮಗುವಿನ ಹೆಸರು ಅವುಗಳಲ್ಲಿ ಇರುವುದಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಿದಲ್ಲಿ ಶುಲ್ಕವಿರುವುದಿಲ್ಲ. ಪ್ರಮಾಣಪತ್ರ ಬಂದ ಕೂಡಲೇ ಮಗುವಿಗೆ ಆಧಾರ್ ಮಾಡಿಸಿ (ಐದು ವರ್ಷದೊಳಗಿನವರಿಗೆ ಬೆರಳಚ್ಚು ಬೇಕಾಗಿಲ್ಲ) ಪಡಿತರ ಚೀಟಿಗೆ ಹೆಸರು ಸೇರಿಸುವ ಅರ್ಜಿಯನ್ನು ನೀಡತಕ್ಕದ್ದು. ಮಗುವಿನ ತೂಕ ಹೆಚ್ಚುವ ಹತ್ತು ವಾರಗಳಲ್ಲಿಯೇ ಈ ಕೆಲಸಗಳೂ ಮುಗಿಯುವಂತೆ ನೋಡಿಕೊಂಡರೆ ಶಸ್ತ್ರಚಿಕಿತ್ಸೆ ಕಾಗದಪತ್ರಕ್ಕಾಗಿ ಕಾಯಬೇಕಾಗುವುದಿಲ್ಲ.

ಖರ್ಚಿನ ಲೆಕ್ಕದಲ್ಲಿ ಕುಟುಂಬಗಳು ಮರೆಯುವ ಬಾಬತ್ತು ಇನ್ನೊಂದಿದೆ. ಶಸ್ತ್ರಚಿಕಿತ್ಸೆ ಉಚಿತವಾದರೂ ಪ್ರತಿ ಭೇಟಿಗೆ ಇಬ್ಬರ ಪ್ರಯಾಣ, ಊಟ, ತಪ್ಪಿದ ದಿನಗೂಲಿ ಇವು ಕುಟುಂಬದ ಮೇಲೆಯೇ ಬೀಳುತ್ತವೆ. ಮಾತಿನ ತರಬೇತಿಗೆ ಹತ್ತಾರು ಭೇಟಿಗಳು ಬೇಕಾಗಬಹುದು. ಚಿಕಿತ್ಸೆ ನಡುವೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಮನೆಯಲ್ಲಿಯೇ ಮಾಡಿಸಬಹುದಾದ ಅಭ್ಯಾಸಗಳನ್ನು ತರಬೇತುದಾರರಿಂದ ಕೇಳಿ ಬರೆಸಿಕೊಂಡು ಭೇಟಿಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಳ್ಳುವ ಸಾಧ್ಯತೆಯನ್ನು ವಿಚಾರಿಸಬೇಕು.

ಹದಿನೆಂಟು ವರ್ಷದ ಗಡಿ

ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನೆರವು 18 ವರ್ಷಕ್ಕೆ ಮುಗಿಯುತ್ತದೆ. ಮೂಗಿನ ಅಂತಿಮ ಶಸ್ತ್ರಚಿಕಿತ್ಸೆಗೆ ತಕ್ಕ ವಯಸ್ಸು ಆರಂಭವಾಗುವುದು 15, 16ರ ನಂತರ. ಗಂಡುಮಕ್ಕಳ ವಿಷಯದಲ್ಲಿ ಈ ನಡುವೆ ಉಳಿಯುವುದು ಬಹಳ ಕಡಿಮೆ ಕಾಲ. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿಯೇ ತಪಾಸಣೆಗೆ ಹೋಗಿ ಹೆಸರು ಬರೆಸುವುದು ಉತ್ತಮ. 18 ದಾಟಿದವರು ಆರೋಗ್ಯ ಕರ್ನಾಟಕದಡಿ ಕೋರಿಕೆ ಸಲ್ಲಿಸಬಹುದು. ಆದರೆ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗಳು ಇಂತಹ ಯೋಜನೆಗಳಿಗೆ ಒಳಪಡುವುದಿಲ್ಲ. ಯುವಕ ಅಥವಾ ಯುವತಿಯ ಓರೆ ಮೂಗು ಜನ್ಮಜಾತ ಸೀಳುತುಟಿಯ ಮುಂದುವರಿದ ಭಾಗವೆಂಬುದನ್ನು ಶೈಶವದ ಬಿಡುಗಡೆ ಪತ್ರವು ಕಾಗದದ ಮೇಲೆ ತೋರಿಸುತ್ತದೆ. ಚೆನ್ನಾಗಿ ಮಾಡಿದ ತುಟಿಯ ಹೊಲಿಗೆಯ ಗೆರೆ ಅಷ್ಟು ಹೊತ್ತಿಗೆ ಕಾಣದಷ್ಟು ಮಾಸಿರುವುದೂ ಉಂಟು. ಒಳ್ಳೆಯ ಕೆಲಸವೇ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ!

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದ ಮಗುವಿನ ಭಾವಚಿತ್ರ, ಪ್ರತಿ ದಾಖಲಾತಿಯ ಬಿಡುಗಡೆ ಪತ್ರ, ರಕ್ತಪರೀಕ್ಷೆ ಮತ್ತು ಕ್ಷ-ಕಿರಣದ ವರದಿಗಳು, ಶಿಫಾರಸು ಪತ್ರಗಳ ನಕಲು ಇವೆಲ್ಲವನ್ನು ಒಂದೇ ಕಡತದಲ್ಲಿ ದಿನಾಂಕವಾರು ಜೋಡಿಸಿ ಇಟ್ಟುಕೊಳ್ಳತಕ್ಕದ್ದು. ಮಗುವಿನ ಹಳೆಯ ಭಾವಚಿತ್ರವನ್ನು ನೋಡಲು ಮನಸ್ಸಾಗದೆ ಹರಿದುಹಾಕುವ ಪೋಷಕರಿದ್ದಾರೆ. ಅದನ್ನು ಲಕೋಟೆಯಲ್ಲಿ ಅಂಟಿಸಿ ಕಡತದಲ್ಲಿಡಬಹುದು. ಬಿಡುಗಡೆ ಪತ್ರ ಕಳೆದುಹೋಗಿದ್ದಲ್ಲಿ ಮಗುವಿನ ಹೆಸರು, ಪೋಷಕರ ಹೆಸರು, ದಾಖಲಾದ ತಿಂಗಳು ಮತ್ತು ವರ್ಷ, ತಿಳಿದಿದ್ದರೆ ಒಳರೋಗಿ ಸಂಖ್ಯೆ ಇವುಗಳನ್ನು ನಮೂದಿಸಿ ಆಯಾ ಆಸ್ಪತ್ರೆಯ ವೈದ್ಯಕೀಯ ದಾಖಲೆಗಳ ವಿಭಾಗಕ್ಕೆ ಲಿಖಿತ ಅರ್ಜಿಯನ್ನು ಸಲ್ಲಿಸಬೇಕು. ಹಳೆಯ ದಾಖಲೆಗಳನ್ನು ಕೆಲವು ವರ್ಷಗಳ ನಂತರ ವಿಲೇವಾರಿ ಮಾಡುವ ಪದ್ಧತಿ ಆಸ್ಪತ್ರೆಗಳಲ್ಲಿ ಇರುವುದರಿಂದ, ಕಳೆದುಹೋದುದು ಗೊತ್ತಾದ ಕೂಡಲೇ ಅರ್ಜಿ ನೀಡುವುದು ಅವಶ್ಯಕ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಮುದ್ರೆಯನ್ನು ಹಾಕಿಸಿಕೊಂಡು ಅದನ್ನೂ ಅದೇ ಕಡತದಲ್ಲಿ ಇಡತಕ್ಕದ್ದು.